ಆರನೇ ಕುರ್ಚಿ

ಆ ಸಂಜೆ ಅಮ್ಮ ತಾನು ಕೆಲಸ ಮಾಡುವ ಬೇಕರಿಯಿಂದ ಓಡಿಕೊಂಡೇ ಬಂದಳು. ಅಮ್ಮ ಓಡಿದ್ದನ್ನು ಅದಕ್ಕೂ ಮುಂಚೆ ನಾನು ನೋಡಿದ್ದು ಒಂದೇ ಸಲ, ಒಲೆ ಮೇಲೆ ಹಾಲಿಟ್ಟು ಮರೆತು ಹೋಗಿದ್ದಾಗ. ಚಪ್ಪಲಿಯನ್ನೂ ಕಳಚದೆ ಒಳಗೆ ಬಂದವಳು ಕೈಯಲ್ಲಿದ್ದ ಬಣ್ಣದ ಕಾಗದವನ್ನು ತಾತನ ಮೂಗಿನ ಹತ್ತಿರ ಹಿಡಿದಳು.

"ಮಾವ, ಇಲ್ಲಿ ನೋಡಿ. ನಾವೇ ಇದು."

ಕಾಗದದಲ್ಲಿ ಒಂದು ಊಟದ ಮೇಜು. ಅದರ ಸುತ್ತ ಐದು ಜನ: ಒಬ್ಬ ತಾತ, ಗಂಡ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎಲ್ಲರ ಹಲ್ಲೂ ಕಾಣುತ್ತಿತ್ತು. ಊರಾಚೆ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಕಂಪನಿಯವರು ಬೇಕರಿ ಎದುರು ಛತ್ರಿ ಹಾಕಿಕೊಂಡು ಇದನ್ನು ಹಂಚುತ್ತಿದ್ದರಂತೆ. ಅವರ ಮಾದರಿ ಮನೆಗೆ ಒಂದು ಮಾದರಿ ಕುಟುಂಬ ಬೇಕಂತೆ. ಮನೆಗೇ ಬಂದು, ಜೊತೆಗೆ ಕೂತು ಉಂಡು, ಯಾರು ಹೇಗೆ ಬಾಳುತ್ತಾರೆ ಅಂತ ನೋಡಿ ಆರಿಸುತ್ತಾರಂತೆ. ಗೆದ್ದವರಿಗೆ ಮೂರು ರೂಮಿನ ಫ್ಲ್ಯಾಟು, ಅದೂ ಬಾಡಿಗೆಯಿಲ್ಲದೆ. ಸಾಲದ್ದಕ್ಕೆ ಊರ ತುಂಬ ಹೋರ್ಡಿಂಗಿನ ಮೇಲೆ ಅವರದೇ ಫೋಟೋ.

"ಮನೇಲಿ ಎಷ್ಟು ಜನ ಅಂತ ಆ ಹುಡುಗಿ ಕೇಳಿದ್ಳು," ಅಮ್ಮ ಏದುಸಿರು ಬಿಡುತ್ತಾ ಅಂದಳು. "ನಾನು ಈ ಚಿತ್ರಾನೇ ನೋಡ್ತಾ ಇದ್ನಲ್ಲ, ಐದು ಅಂದ್ಬಿಟ್ಟೆ."

ನಾವು ಆರು ಜನ.

ಆರನೆಯವಳು ಹೊಸ್ತಿಲ ಮೇಲೆ ಕೂತು, ಕಾಲು ಚಾಚಿ, ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಅನ್ನಕ್ಕೆ ಬೇಳೆ ಕಲಸುತ್ತಿದ್ದಳು. ಅಪ್ಪನ ಅಕ್ಕ, ನಮ್ಮ ಅತ್ತೆ. ಆಸ್ಪತ್ರೆ, ಹೋಟೆಲುಗಳ ಹೊದಿಕೆ ತೊಳೆಯುವ ದೊಡ್ಡ ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕುವವಳು. ಅಜ್ಜಿ ತೀರಿಕೊಂಡಾಗ ಅಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ತಾತ ಬಸ್ಸಿನ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರು, ವಾರಗಟ್ಟಲೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಅತ್ತೆಯೇ ಶಾಲೆ ಬಿಟ್ಟು, ಲಾಂಡ್ರಿ ಸೇರಿ, ತಮ್ಮನನ್ನು ಸಾಕಿದಳು. ಮದುವೆ ಯಾಕಾಗಲಿಲ್ಲ ಅಂತ ಕೇಳಿದರೆ, "ನಿಮ್ಮಪ್ಪನ್ನ ಸಾಕಿದ ಮೇಲೆ ಇನ್ನೊಬ್ಬ ಗಂಡಸನ್ನ ಸಾಕೋ ತಾಕತ್ತು ಎಲ್ಲಿ ಉಳೀತು?" ಅಂತ ನಗುತ್ತಿದ್ದಳು. ಅವಳ ನಗು ಮೂರನೇ ಮನೆಗೆ ಕೇಳುತ್ತಿತ್ತು. ಈ ಮನೆ ಬಿಟ್ಟರೆ ಅವಳಿಗೆ ಬೇರೆ ಮನೆ ಇರಲಿಲ್ಲ, ಬೇಕು ಅಂತ ಅನಿಸಿದ್ದೂ ಇಲ್ಲ.

"ನನ್ನನ್ನ ಲೆಕ್ಕಕ್ಕೇ ತಗೊಳ್ಳಿಲ್ವಾ ಮಹಾರಾಯ್ತಿ?" ಅತ್ತೆ ಬಾಯಿತುಂಬ ಅನ್ನ ಇಟ್ಟುಕೊಂಡೇ ಕೇಳಿದಳು.

"ಬಾಯಿ ತಪ್ಪಿ ಬಂತು ಅತ್ತಿಗೆ."

"ಹೋಗ್ಲಿ ಬಿಡು. ಆ ದಿನ ನಾನು ಅಡುಗೆಯವಳು ಅಂತ ಹೇಳ್ಬಿಡು. ಮಾದರಿ ಮನೇಲಿ ಅಡುಗೆಯವಳೂ ಇರ್ತಾಳೆ."

ಎಲ್ಲರೂ ನಕ್ಕೆವು. ಆ ರಾತ್ರಿ ನಮ್ಮನ್ನು ಹಿಡಿಯುವವರಿರಲಿಲ್ಲ. ಎರಡೇ ಕೋಣೆಯ ಮನೆ ನಮ್ಮದು. ಪಾತ್ರೆ ತೊಳೆದು ಅಡುಗೆ ಕಟ್ಟೆ ಒಣಗಿದ ಮೇಲೆ ಅದೇ ನನ್ನ ಓದುವ ಮೇಜು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ರೂಮು ಅಂದರೆ ನನಗೂ ಬಾಯಲ್ಲಿ ನೀರೂರಿತು. ಅಪ್ಪ ಶೂ ಅಂಗಡಿಯಲ್ಲಿ ಸೇಲ್ಸ್‌ಮನ್, ಬೆಳಗಿನಿಂದ ಸಂಜೆಯವರೆಗೆ ಜನರ ಕಾಲ ಬುಡದಲ್ಲಿ ಕೂರುವವನು. "ಹೋರ್ಡಿಂಗ್ ಮೇಲೆ ಹೋದ್ರೆ ಜನ ಕತ್ತೆತ್ತಿ ನನ್ನ ನೋಡ್ಬೇಕು" ಅಂದ. ತಂಗಿ ಚೋಟು ಕನ್ನಡಿ ಮುಂದೆ ನಿಂತು ಹಲ್ಲು ಕಾಣುವ ಹಾಗೆ ನಗುವುದನ್ನು ಆಗಲೇ ಶುರುಮಾಡಿದ್ದಳು.

ಎಲ್ಲರಿಗಿಂತ ಹೆಚ್ಚು ಕುಣಿದದ್ದು ತಾತ. ರಿಟೈರಾದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ.

"ಚೆಕಿಂಗ್‌ಗೆ ಬರೋನು ಏನ್ ನೋಡ್ತಾನೆ ಅಂತ ನನ್ನ ಕೇಳಿ. ಟಿಕೆಟ್ ಅಲ್ಲ, ಮುಖ ನೋಡ್ತಾನೆ. ಮುಖದಲ್ಲಿ ಗಾಬರಿ ಕಂಡ್ರೆ ಮುಗೀತು. ನಾಳೆಯಿಂದ್ಲೇ ಪ್ರಾಕ್ಟೀಸು."

ಮರುದಿನ ಚೋಟುವಿನ ಹಳೇ ಕಪ್ಪುಹಲಗೆ ಗೋಡೆಗೆ ಬಂತು. ರಾತ್ರಿ ಊಟಕ್ಕೆ ತಾತ ಇನ್ಸ್‌ಪೆಕ್ಟರು, ನಾವೆಲ್ಲ ಪ್ರಯಾಣಿಕರು. ಊಟ ಮುಗಿದ ಕೂಡಲೇ ಒಬ್ಬೊಬ್ಬರಿಗೂ ಹತ್ತಕ್ಕೆ ಇಷ್ಟು ಅಂತ ಮಾರ್ಕು. ಚಮಚ ತಟ್ಟೆಗೆ ತಾಗಿ ಸದ್ದಾದರೆ ಒಂದು ಕಟ್. ಅಗಿಯುತ್ತಾ ಮಾತಾಡಿದರೆ ಎರಡು ಕಟ್. ಎದುರು ಕೂತವರನ್ನು "ನಿಮ್ಮ ದಿನ ಹೇಗಿತ್ತು?" ಅಂತ ಕೇಳಲೇಬೇಕು. ನಮ್ಮ ಮನೆಯಲ್ಲಿ ಹುಟ್ಟಿದಂದಿನಿಂದ ಯಾರೂ ಯಾರನ್ನೂ ಹಾಗೆ ಕೇಳಿದವರಲ್ಲ. ಚೋಟು ಅತ್ತೆಯ ಕಡೆ ತಿರುಗಿ ಗಿಣಿಯ ಹಾಗೆ ಒಪ್ಪಿಸಿದಳು.

"ನಿಮ್ಮ ದಿನ ಹೇಗಿತ್ತು?"

"ನಿಂತೇ ಇತ್ತು ಕಣೇ," ಅಂದಳು ಅತ್ತೆ. "ನಾನು ಬಂದು ಕೂತ್ಮೇಲೆ ಅದೂ ಕೂತ್ಕೊಂಡಿದೆ."

ಅಪ್ಪನಿಗೆ ನಗು ತಡೆಯಲಾಗದೆ ನೀರು ಮೂಗಿಗೇರಿತು. ತಾತ ಅಪ್ಪನಿಗೆ ನಾಲ್ಕು, ಅತ್ತೆಗೆ ಎರಡು ಹಾಕಿದರು. "ಪಾಸೇ ಆಗಲ್ವಲ್ಲಪ್ಪ ನಾನು," ಅಂತ ಅತ್ತೆ ಬೆರಳು ನೆಕ್ಕಿಕೊಂಡಳು. ಅದಕ್ಕೆ ಇನ್ನೊಂದು ಕಟ್.

ಮೊದಮೊದಲು ಅದೆಷ್ಟು ಮಜವಿತ್ತು. ಊಟದ ಹೊತ್ತು ಯಾವಾಗ ಬರುತ್ತದೋ ಅಂತ ಎಲ್ಲರೂ ಕಾಯುತ್ತಿದ್ದೆವು. ಎರಡನೇ ವಾರ ಅಮ್ಮ ಸೆಕೆಂಡ್ ಹ್ಯಾಂಡ್ ಊಟದ ಮೇಜು ತರಿಸಿದಳು, ಜೊತೆಗೆ ಐದು ಕುರ್ಚಿ. ಬರುವವರನ್ನು ಕೂರಿಸಲು ಅಪ್ಪ ಅಂಗಡಿಯಿಂದ ಗಿರಾಕಿಗಳ ಮೆತ್ತನೆ ಕುರ್ಚಿಯೊಂದನ್ನು ಕೇಳಿ ತಂದ. ಅದು ಆರನೇ ಕುರ್ಚಿ, ಅದರಲ್ಲಿ ನಾವ್ಯಾರೂ ಕೂರುವ ಹಾಗಿಲ್ಲ. ಮೇಜು ಹಿಡಿಯುವಷ್ಟು ಜಾಗ ಇದ್ದದ್ದು ಅತ್ತೆಯ ಮಂಚ ಇದ್ದ ಕಡೆ ಮಾತ್ರ. ಮಂಚ ಮಡಚಿ ತಾರಸಿಗೆ ಹೊತ್ತು ಹಾಕಿದೆವು. ಅತ್ತೆ ಮೇಜಿನ ಕೆಳಗೇ ಚಾಪೆ ಹಾಸಿಕೊಂಡಳು.

"ಒಳ್ಳೇದೇ ಆಯ್ತು. ಬಿದ್ದ ಅಗುಳೆಲ್ಲ ಇನ್ಮೇಲೆ ನನಗೇ," ಅಂದಳು.

ಕಂಪನಿಯವರು ಬರುವ ದಿನ ಗೊತ್ತಾದ ಸಂಜೆ ಅಪ್ಪ ಅಂಗಡಿಯಿಂದ ಹೊಸ ಶೂ ತಂದ. ಹೆಂಗಸರ ಶೂ, ಮೆತ್ತನೆ ಅಟ್ಟೆ, ಲೇಸಿನದು. ಹೊಸ್ತಿಲ ಮೇಲೆ ಕೂತಿದ್ದ ಅಕ್ಕನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ತಾನೇ ತೊಡಿಸಿದ.

"ಒಂದು ಸೈಜು ದೊಡ್ಡದೇ ತಂದಿದೀನಿ. ಸಂಜೆ ಹೊತ್ತಿಗೆ ಕಾಲು ಊದುತ್ತಲ್ಲ ನಿಂಗೆ."

ಅತ್ತೆ ತನ್ನ ಕಾಲನ್ನೂ, ತಮ್ಮನ ನೆತ್ತಿಯನ್ನೂ ನೋಡಿದಳು. "ಎಲ್ಲಿಗೆ ಕಳಿಸ್ತಾ ಇದೀಯೋ?"

ಅಪ್ಪ ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ.

"ಚಪ್ಪಲಿ ಸವೆದಿದೆ ಅಂತ ಯಾವಾಗ್ಲಿಂದ ಬಡ್ಕೋತಾ ಇದೀನಿ, ಆಗ ತರ್ಲಿಲ್ಲ. ಹೇಳು ಪರವಾಗಿಲ್ಲ."

"ಅವರು ಬಂದು ಹೋಗೋವರೆಗೆ ಅಷ್ಟೇ ಅಕ್ಕ. ಲಾಂಡ್ರಿ ಹೆಂಗಸ್ರ ರೂಮಿದೆಯಲ್ಲ, ಅಲ್ಲಿ ಒಂದು ವಾರ."

"ಯಾರ ಬುದ್ಧಿ ಇದು?"

ಅಮ್ಮ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. "ನಂದೇ ಅತ್ತಿಗೆ. ಐದು ಅಂದಾಗಿದೆ. ಈಗ ಆರು ಅಂದ್ರೆ ಸುಳ್ಳು ಹೇಳಿದ್ರು ಅಂತ ತೆಗೆದುಹಾಕ್ತಾರೆ."

ತಾತ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಟಿಕೆಟ್ ಐದೇ ತಗೊಂಡಿದೀವಿ. ಆರು ಜನ ಹತ್ತಿದ್ರೆ ಸಿಕ್ಕಿಬೀಳ್ತೀವಿ."

"ಹಾಗಾದ್ರೆ ನಾನು ಇಳೀತೀನಿ ಬಿಡಪ್ಪ," ಅಂದಳು ಅತ್ತೆ. ನಕ್ಕಳು ಕೂಡ. ಆ ನಗು ಮೂರನೇ ಮನೆಗೆ ಕೇಳಿರಲಾರದು. ಮಾರನೇ ದಿನ ನಮ್ಮೆಲ್ಲರ ಬಟ್ಟೆಗೂ ಇಸ್ತ್ರಿ ಹಾಕಿ, ಯಾರ್‍ಯಾರದು ಎಲ್ಲೆಲ್ಲಿ ಅಂತ ಜೋಡಿಸಿಟ್ಟು, ಹೊಸ ಶೂ ಹಾಕಿಕೊಂಡು ಒಂದು ಚೀಲ ಹಿಡಿದು ಹೊರಟಳು. ಹಲಗೆಯ ಮೇಲಿದ್ದ ಅವಳ ಸಾಲನ್ನು ತಾತ ಬಟ್ಟೆಯಿಂದ ಒರೆಸಿದರು.

ಕಂಪನಿಯಿಂದ ಬಂದದ್ದು ಒಬ್ಬ ಹುಡುಗಿ, ಒಬ್ಬ ಫೋಟೋದವನು. ನಾವು ಹೇಗೆ ಉಂಡೆವು ಅನ್ನುತ್ತೀರಿ! ಚಮಚ ಸದ್ದಾಗಲಿಲ್ಲ. ಅಪ್ಪ ಅಮ್ಮನಿಗೆ ಬೇಳೆ ಬಡಿಸಿದ, ಅಮ್ಮ "ಸಾಕು ಸಾಕು" ಅಂದಳು, ನಾನು ತಾತನಿಗೆ ನೀರು ಕೊಟ್ಟೆ. ಆರನೇ ಕುರ್ಚಿಯಲ್ಲಿ ಕೂತ ಹುಡುಗಿ, "ನಿಮ್ಮ ಮನೇಲಿ ಜಗಳಾನೇ ಆಗಲ್ವಾ?" ಅಂತ ಕೇಳಿದಳು. "ಹಾಗಂದ್ರೆ?" ಅಂದರು ತಾತ. ಹುಡುಗಿ ನಕ್ಕು ಸುಸ್ತಾದಳು. ತಾರಸಿಗೆ ಫೋಟೋ ತೆಗೆಯಲು ಹೋದಾಗ ಮಾತ್ರ ಅಪ್ಪನ ಮುಖ ಕಪ್ಪಿಟ್ಟಿತು.

"ಈ ಮಂಚ ಯಾರದು?" ಫೋಟೋದವನು ಸುಮ್ಮನೆ ಕೇಳಿದ್ದ.

"ಅದು ನಾವು ಬರೋದಕ್ಕೆ ಮುಂಚೆಯಿಂದ್ಲೂ ಇಲ್ಲೇ ಇತ್ತು," ಅಂದಳು ಚೋಟು. ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಹೋದ ಮೇಲೆ ತಾತ ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಮೊಟ್ಟಮೊದಲ ಹತ್ತನ್ನು ಬರೆದರು. ಚೋಟು ಮನೆಯೆಲ್ಲ ಕುಪ್ಪಳಿಸಿದಳು. ನನಗೆ ಅವಳ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು, ಬಿಡಲಿಲ್ಲ. ನನಗೂ ರೂಮು ಬೇಕಿತ್ತಲ್ಲ.

ವಾರದೊಳಗೆ ಫೋನು ಬಂತು. ಕಡೇ ಸುತ್ತಿಗೆ ನಾವು ಆಯ್ಕೆಯಾಗಿದ್ದೆವು. ಅಮ್ಮ ಫೋನನ್ನೇ ಎದೆಗೊತ್ತಿಕೊಂಡಳು. ಅಪ್ಪ ಅಷ್ಟು ದೊಡ್ಡ ನನ್ನನ್ನು ಎತ್ತಿ ತಿರುಗಿಸಿ, ಸೊಂಟ ಹಿಡಿದುಕೊಂಡು ಕೂತ. ಬಾಕಿಯಿದ್ದದ್ದು ಒಂದೇ: ಇನ್ನೊಂದು ಸಲ ಬಂದು ನೋಡುತ್ತಾರೆ, ಯಾವ ಸಂಜೆ ಅಂತ ಹೇಳುವುದಿಲ್ಲ.

"ಅದಪ್ಪ ಚೆಕಿಂಗ್ ಅಂದ್ರೆ," ತಾತನ ಕಣ್ಣು ಫಳಫಳ ಅಂದಿತು. "ಹೇಳಿ ಬಂದ್ರೆ ಅದು ನೆಂಟಸ್ತಿಕೆ. ಬಸ್ಸಲ್ಲಿ ನಾವು ತಿರುವಿನಲ್ಲಿ ಹತ್ತುತ್ತಿದ್ವಿ, ಜನ ನಿದ್ದೆಯಲ್ಲಿರೋವಾಗ."

"ಹಾಗಾದ್ರೆ ಅಕ್ಕ?" ಅಪ್ಪ ಕೇಳಿದ.

"ಅವರು ಬಂದು ಹೋಗ್ಲಿ. ಅದಾದ ಮರುದಿನವೇ ಕರ್ಕೊಂಡ್ ಬಾ," ಅಂದಳು ಅಮ್ಮ. "ಫ್ಲ್ಯಾಟಿನಲ್ಲಿ ಮೂರು ರೂಮಿದೆ. ಒಂದು ಅತ್ತಿಗೇಗೇ ಕೊಡೋಣ."

ಅಮ್ಮ ಅದನ್ನು ಮನಸಾರೆ ಹೇಳಿದಳು. ನಮ್ಮಲ್ಲಿ ಯಾರೂ ಕೆಟ್ಟವರಲ್ಲ.

ಅಲ್ಲಿಂದ ನಮ್ಮ ಮನೆಯ ಪ್ರತಿ ಸಂಜೆಯೂ ಪರೀಕ್ಷೆಯಾಯಿತು. ಬಾಗಿಲ ಹೊರಗೆ ಹೆಜ್ಜೆ ಸದ್ದಾದರೆ ಸಾಕು, ಐದು ಜನವೂ ನಗುತ್ತಿದ್ದೆವು. ಹಾಲಿನವನಿಗೂ ನಕ್ಕೆವು, ಬಾಡಿಗೆ ಕೇಳಲು ಬಂದ ಓನರಿಗೂ ನಕ್ಕೆವು. ಆತ ಗಾಬರಿಯಾಗಿ ಬಾಡಿಗೆ ಕೇಳದೆ ವಾಪಸು ಹೋದ. ಸಂಜೆ ಶಿಫ್ಟು ಒಲ್ಲೆ ಅಂದದ್ದಕ್ಕೆ ಅಮ್ಮನನ್ನು ಬೇಕರಿಯ ಕೌಂಟರಿನಿಂದ ತಟ್ಟೆ ತೊಳೆಯಲು ಹಾಕಿದರು. "ಇನ್ನೇನು ಎರಡು ದಿನದ ಮಾತು" ಅಂತ ಅಮ್ಮ ಹಾರುವ ಉತ್ಸಾಹದಲ್ಲೇ ಇದ್ದಳು. ಬೇರೆ ಊರಿನ ಅಂಗಡಿಗೆ ಮ್ಯಾನೇಜರಾಗಿ ಹೋಗು ಅಂದರೆ ಅಪ್ಪ ಆಗುವುದಿಲ್ಲ ಅಂದುಬಿಟ್ಟ. ಹೋರ್ಡಿಂಗ್ ಮೇಲೆ ಹೋಗುವವನಿಗೆ ಮ್ಯಾನೇಜರು ಯಾವ ಲೆಕ್ಕ?

ಜಗಳ ಮಾತ್ರ ನಿಲ್ಲಲಿಲ್ಲ. ಗೋಡೆಗೆ ಕಿವಿ ಇದೆಯೆಂಬ ಭಯಕ್ಕೆ ಅದು ನಗುಮುಖದಲ್ಲಿ, ಪಿಸುದನಿಯಲ್ಲಿ ನಡೆಯತೊಡಗಿತು.

"ನಿನ್ನೆ ನಿಂಗೆ ಆರು ಕೊಟ್ಟಿದ್ದೇ ಹೆಚ್ಚು," ಅಪ್ಪ ಹಲ್ಲು ಕಾಣಿಸುತ್ತಲೇ ಅನ್ನುತ್ತಿದ್ದ. "ಬೇಳೇಲಿ ಉಪ್ಪಿಲ್ಲ."

"ನಿಮ್ಮ ಕಾಲ್ಚೀಲದ ವಾಸನೆಗೆ ಯಾರು ಮಾರ್ಕ್ ಕಟ್ ಮಾಡ್ತಾರೆ ರೀ?" ಅಮ್ಮನೂ ನಗುತ್ತಲೇ.

"ಅಪ್ಪನಿಗೆ ಹೇಳಿ ನಂದು ಕಡಿಮೆ ಮಾಡಿಸಿದ್ದು ನೀನೇ ತಾನೇ?"

"ಮಕ್ಕಳ ಮುಂದೆ ನಗ್ತಾ ಮಾತಾಡಿ."

ಮುಂಚೆ ಆಗಿದ್ದರೆ ಇಂಥ ಮಾತು ಎರಡನೇ ಸಲ ಬರುವಷ್ಟರಲ್ಲಿ ಹೊಸ್ತಿಲ ಕಡೆಯಿಂದ, "ಏಯ್, ಇಬ್ರೂ ಮುಚ್ಕೊಂಡು ಉಣ್ರೋ, ನನ್ನ ಕಾಲು ಸಿಡೀತಾ ಇದೆ" ಅಂತ ಅತ್ತೆಯ ದನಿ ಬಂದು, ಅವರಿಬ್ಬರೂ ಒಂದಾಗಿ ಅವಳ ಮೇಲೆ ಬಿದ್ದು, ಜಗಳ ಅಲ್ಲಿಗೆ ಬಗೆಹರಿಯುತ್ತಿತ್ತು. ಈಗ ಬಗೆಹರಿಸುವವರಿಲ್ಲದೆ ಒಂದೊಂದು ಮಾತೂ ಹಾಗೇ ಉಳಿದು ಮರುದಿನದ ಊಟಕ್ಕೆ ಬರುತ್ತಿತ್ತು. ನಾನು ಚೋಟುವಿನ ತಪ್ಪು ತಾತನಿಗೆ ಹೇಳುತ್ತಿದ್ದೆ, ಅವಳು ನನ್ನದು ಹೇಳುತ್ತಿದ್ದಳು. ಹತ್ತು ಬಂದವರಿಗೂ ಅನ್ನ ಇಳಿಯುತ್ತಿರಲಿಲ್ಲ.

ಅಪ್ಪ ಭಾನುವಾರ ಲಾಂಡ್ರಿ ಗೇಟಿನ ಹತ್ತಿರ ಹೋಗಿ ಅತ್ತೆಗೆ ಡಬ್ಬಿ ಕೊಟ್ಟು ಬರುತ್ತಿದ್ದ. ಮೊದಲೆಲ್ಲ ಅವಳು ನಮ್ಮ ಬಟ್ಟೆ ಇಸ್ತ್ರಿ ಹಾಕಿ ಅವನ ಕೈಯಲ್ಲೇ ಕಳಿಸುತ್ತಿದ್ದಳು.

"ಅತ್ತಿಗೆ ಏನಂದ್ರು?" ಅಮ್ಮ ಕೇಳುವಳು.

"ಇನ್ನೊಂದು ವಾರ ಅಂದೆ. ಆಯ್ತು ಅಂದ್ಳು."

ಆಮೇಲಾಮೇಲೆ ಅಮ್ಮ ಕೇಳುವುದನ್ನು ಬಿಟ್ಟಳು. ಬಟ್ಟೆಯೂ ಬರುವುದು ನಿಂತಿತು.

ಒಂದು ಮಧ್ಯಾಹ್ನ ತಡೆಯಲಾರದೆ ನಾನು ಕಾಲೇಜಿನಿಂದ ನೇರ ಆ ಅಪಾರ್ಟ್‌ಮೆಂಟಿನ ಜಾಗಕ್ಕೇ ಹೋದೆ. ಗೇಟಿಗೆ ಬೀಗ. ಒಳಗೆ ನಾಲ್ಕು ಕಂಬ, ತುಕ್ಕು ಹಿಡಿದ ಕಂಬಿ, ಮಧ್ಯದ ಗುಂಡಿಯಲ್ಲಿ ನಿಂತ ನೀರು. ಪಕ್ಕದ ಟೀ ಅಂಗಡಿಯವನು, "ಅವರು ಗಂಟುಮೂಟೆ ಕಟ್ಟಿ ಎಷ್ಟೋ ದಿನ ಆಯ್ತು, ನೀವೂ ದುಡ್ಡು ಕಟ್ಟಿದ್ರಾ?" ಅಂತ ಕೇಳಿದ. ನಾವು ದುಡ್ಡು ಕಟ್ಟಿರಲಿಲ್ಲ.

ಮನೆಗೆ ಬಂದು ಎಲ್ಲರೂ ಮೇಜಿಗೆ ಕೂತ ಮೇಲೆ ಹೇಳಿದೆ. ಫೋನು ಮಾಡಿ ನೋಡಿ, ಆ ನಂಬರೇ ಇಲ್ಲ ಅಂದೆ. ಅಮ್ಮ ಚಮಚ ಕೆಳಗಿಡಲಿಲ್ಲ. ಎಲ್ಲರೂ ತಾತನ ಮುಖ ನೋಡಿದರು.

"ಇದೇ ಚೆಕಿಂಗು," ಅಂದರು ತಾತ ನಿಧಾನವಾಗಿ. "ಇನ್ನು ಯಾರೂ ಬರಲ್ಲ ಅಂತ ಜನಕ್ಕೆ ಅನ್ನಿಸ್ಬೇಕು. ಆಗಲೇ ಹತ್ತೋದು. ನಾನು ಎಷ್ಟು ಸಲ ಹೀಗೇ ಮಾಡಿದೀನಿ."

"ತಾತ, ಅಲ್ಲಿ ಮನೇನೇ ಇಲ್ಲ. ಗುಂಡಿ ಇದೆ."

"ಬೆನ್ನು ನೇರ ಇಟ್ಕೊಂಡು ಮಾತಾಡು. ಒಂದು ಕಟ್."

ತಟ್ಟೆ ತಳ್ಳಿ ಎದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಅಪರಿಚಿತರು ಬಡಿಯುವ ಹಾಗೆ, ಮೆಲ್ಲಗೆ, ಎರಡು ಸಲ. ತಾತ ಕೈ ಎತ್ತಿದರು. ಅಮ್ಮನ ಕಣ್ಣು ಬೆಳಗಿತು, ನಾನು ಹೇಳಿದ್ದೆಲ್ಲ ಸುಳ್ಳಾಗಿ ಹೋಯಿತು ಅನ್ನುವ ಹಾಗೆ. ನಾಚಿಕೆಯಿಲ್ಲದೆ ನಾನೂ ಕೂತು ಕೂದಲು ಸರಿಮಾಡಿಕೊಂಡೆ. ಅಪ್ಪ ಹೋಗಿ ಬಾಗಿಲು ತೆಗೆಯುತ್ತಲೇ ಸೊಂಟ ಬಗ್ಗಿಸಿ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ, "ಬನ್ನಿ ಬನ್ನಿ, ನಮಸ್ಕಾರ, ಒಳಗೆ ಬನ್ನಿ" ಅಂದ. ಬಗ್ಗಿದವನಿಗೆ ಮೊದಲು ಕಂಡದ್ದು ಶೂ.

ಅತ್ತೆ ನಿಂತಿದ್ದಳು.

ಆಗಲಾದರೂ "ಅಯ್ಯೋ ನೀನಾ" ಅಂತ ಯಾರಾದರೂ ಅನ್ನಬಹುದಿತ್ತು. ನಗು ನಮ್ಮ ಮುಖಗಳಿಗೆ ಅಂಟಿಕೊಂಡಿತ್ತು, ಇಳಿಯಲೇ ಇಲ್ಲ. ತಾತ ಪಿಸುದನಿಯಲ್ಲಿ, "ಅವಳ ಹಿಂದೆ ಯಾರಾದ್ರೂ ಇದಾರಾ ನೋಡು" ಅಂದರು. ಅತ್ತೆಗೆ ಅದು ಕೇಳಿತು. ಅವಳು ಶೂ ಬಿಚ್ಚಿ ಒಳಗೆ ಬಂದು, ಅಭ್ಯಾಸಬಲದಿಂದ ಹೊಸ್ತಿಲ ಮೇಲೆ ಕೂರಲು ಹೋದಳು.

"ಅಲ್ಲಿ ಬೇಡ ಅತ್ತಿಗೆ," ಅಮ್ಮ ಗಡಬಡಿಸಿ ಎದ್ದಳು. "ಕುರ್ಚಿ ಇದೆಯಲ್ಲ."

ಅತ್ತೆ ಆರನೇ ಕುರ್ಚಿಯಲ್ಲಿ ಕೂತಳು. ಬೆನ್ನು ನೇರವಾಗಿಟ್ಟು, ಕಾಲು ಜೋಡಿಸಿಕೊಂಡು. ಅಮ್ಮ ತಟ್ಟೆ ಇಟ್ಟು ಬಡಿಸಿದಳು. ಇಂಥ ಹೊತ್ತಿನಲ್ಲಿ ಏನು ಹೇಳಬೇಕು ಅಂತ ಚೋಟುವಿಗೆ ಮಾತ್ರ ಗೊತ್ತಿತ್ತು.

"ನಿಮ್ಮ ದಿನ ಹೇಗಿತ್ತು?"

ನಾನು ಅತ್ತೆಯ ಮುಖವನ್ನೇ ನೋಡಿದೆ. ನಿಂತೇ ಇತ್ತು ಅನ್ನು ಅತ್ತೆ. ಏನಾದರೂ ಅನ್ನು, ಬೈ.

"ಚೆನ್ನಾಗಿತ್ತು," ಅಂದಳು ಅತ್ತೆ. ಚಮಚದಲ್ಲಿ ಉಂಡಳು. ಒಂದು ಅಗುಳೂ ಬೀಳಲಿಲ್ಲ, ಒಂದು ಸದ್ದೂ ಆಗಲಿಲ್ಲ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಉಂಡಾದ ಮೇಲೆ ಅವಳು ಬಾಯೊರೆಸಿಕೊಂಡು, "ಅಡುಗೆ ಚೆನ್ನಾಗಿತ್ತಮ್ಮ," ಅಂದಳು. "ಲಾಂಡ್ರಿ ಹಿಂದೇನೇ ಒಂದು ರೂಮು ಹಿಡಿದೆ. ಮಂಚ ತಗೊಂಡ್ ಹೋಗೋಣ ಅಂತ ಬಂದೆ. ವ್ಯಾನು ಕೆಳಗೆ ನಿಂತಿದೆ."

"ಅಕ್ಕ, ಇನ್ನೊಂದು ವಾರ," ಅಪ್ಪ ಶುರುಮಾಡಿದ.

"ಡ್ರೈವರ್ ಕಾಯ್ತಾ ಇದಾನೆ ಕಣೋ."

ಏಳುತ್ತಾ ಅವಳ ಕಣ್ಣು ಹಲಗೆಯ ಮೇಲೆ ಬಿತ್ತು. ಐದು ಹೆಸರು, ಆ ದಿನದ ಮಾರ್ಕಿಗೆ ಖಾಲಿ ಜಾಗ. ಸೀಮೆಸುಣ್ಣ ತೆಗೆದುಕೊಂಡು ಐದು ಹೆಸರಿನ ಮುಂದೆಯೂ ಹತ್ತು, ಹತ್ತು ಅಂತ ಬರೆದಳು. ಅವಳ ಅಕ್ಷರ ಶಾಲೆ ಬಿಟ್ಟ ವಯಸ್ಸಿನಲ್ಲೇ ನಿಂತಿತ್ತು, ದುಂಡಗೆ. ಕೈಗೆ ಹತ್ತಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

ಅಪ್ಪ ಮಂಚದ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ. ಮೆಟ್ಟಿಲಿಳಿಯುವಾಗ ಅಪ್ಪ ಅಳುತ್ತಿದ್ದ. ಎರಡು ಕೈಯಲ್ಲೂ ಮಂಚ ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ. ವ್ಯಾನಿನಲ್ಲಿ ಹೊದಿಕೆ ಗಂಟುಗಳ ನಡುವೆ ಮಂಚ ಇಟ್ಟೆವು. ಅತ್ತೆ ಮುಂದಿನ ಸೀಟಿಗೆ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದಳು. ಉಂಡು ಹೊರಡುವ ನೆಂಟರು ಹೇಳುವುದನ್ನೇ ಹೇಳಿದಳು.

"ನೀವೂ ಎಲ್ರೂ ಒಂದ್ಸಲ ನಮ್ಮನೆಗೆ ಬನ್ನಿ."

ಅಪ್ಪ ತಲೆಯಾಡಿಸಿದ. ವ್ಯಾನು ತಿರುವು ದಾಟಿದ ಮೇಲೂ ಆಡಿಸುತ್ತಲೇ ಇದ್ದ. ನಮ್ಮ ಹಿಂದೆಯೇ ಇಳಿದು ಬಂದಿದ್ದ ಚೋಟು ಅವನ ಅಂಗಿ ಎಳೆದಳು.

"ಅಪ್ಪ, ಅತ್ತೆ ಮನೆ ಇದೇ ಅಲ್ವಾ?"

ಮೇಲಿಂದ ತಾತನ ದನಿ ಕೇಳಿಸಿತು. ಎಲ್ಲರಿಗೂ ಹತ್ತಕ್ಕೆ ಹತ್ತು ಬಂದಿದೆ, ಬೇಗ ಬನ್ನಿ, ಬಾಗಿಲು ತೆರೆದೇ ಇದೆ, ಯಾರಾದರೂ ಬಂದುಬಿಟ್ಟರೆ ಅಂತ ಅವರು ನಮ್ಮನ್ನು ಕೂಗುತ್ತಿದ್ದರು.